ಎಕ್ಕೆಯ ಹಾಲು

ಬೆಳೆಯ ಹುಳ ಕೊಲ್ಲುವ ಪುಡಿಯನ್ನು ರೈತರಿಗೆ ತೋರಿಸಲು ಆಗಿನ ಮುಂಬಯಿ ಸರಕಾರ ನನ್ನನ್ನು ಬೀಳಗಿಗೆ ಕಳಿಸಿತ್ತು. ಲೋಕಾಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ಅಂದು ಶನಿವಾರ. ರಸ್ತೆ ಬದಿಯ ಎಕ್ಕೆ ಗಿಡದಿಂದ ಒಬ್ಬ ಅಜ್ಜಿ ಹನುಮಪ್ಪನ ಹಾರಕ್ಕೆ ಎಲೆ ಹರಿಯುತ್ತಿದ್ದಳು. ಹರಿದಲ್ಲೆಲ್ಲ ಬಿಳಿ ಹಾಲು ಒಸರುತ್ತಿತ್ತು. ಅದರಲ್ಲಿ ಒಂದು ಇರುವೆ ಕಾಲು ಅಂಟಿ ಒದ್ದಾಡುತ್ತಿತ್ತು. ಗಿಡ ತನಗೆ ತಾನೇ ಇಟ್ಟುಕೊಂಡ ಕಾವಲು ಅದು.

ಎಲೆಯ ಮೇಲೊಂದು ಪಟ್ಟೆಪಟ್ಟೆ ಹುಳ ಕಂಡು, "ಪುಡಿ ಹೊಡೀಲೇನ್ರಿ, ಅಜ್ಜಿ?" ಅಂದೆ.

"ಹನುಮಪ್ಪಗ ಪುಡಿ ಹಚ್ಚಿದ್ದ ಎಲಿ ಏರಸ್ಲೇನ್ರಿ? ಸುಮ್ನ ನೋಡ್ರಿ."

ಹುಳ ಮೊದಲು ಎಲೆಯ ನಡುನರ ಕಡಿಯಿತು. ಹಾಲೆಲ್ಲ ಬಸಿದು ಹೋಗುವವರೆಗೆ ಕಾದು, ಆಮೇಲೆ ತುದಿ ತಿನ್ನತೊಡಗಿತು.

"ನಾಯಿ ಬಾಯಿ ಕಟ್ಟಿ ಕಳವು ಮಾಡಿದಂಗೈತಿ," ಅಂದಳು ಅಜ್ಜಿ.

ಬೆರಗಾಗಿ ನಾನೂ ಒಂದು ಎಲೆ ಮುರಿದೆ. ಹಾಲು ಕಣ್ಣಿಗೆ ಸಿಡಿಯಿತು.

ಬೀಳಗಿಯಲ್ಲಿ ಬಾತ ಕಣ್ಣು ಮುಚ್ಚಿಕೊಂಡೇ ಪುಡಿಯ ಗುಣ ಹೇಳಿದೆ.

"ಕಣ್ಣಿಗೇನಾತ್ರಿ? ಪುಡಿ ಬಿತ್ತೇನು?" ಎಂದ ಒಬ್ಬ ರೈತ.

"ಇಲ್ರಿ, ಎಕ್ಕಿ ಹಾಲು."

ಅವನು ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿ ನನ್ನ ಕೈಗೇ ಮರಳಿ ಕೊಟ್ಟ.

"ಹಂಗಾದ್ರ ಅದನ್ನ ತಂದು ಕೊಡ್ರಿ, ಸಾಹೇಬ್ರ. ಇದಕಿಂತ ಅದ ಜೋರ್ ಕಾಣಸ್ತೈತಿ."