ದಾಳಿಂಬೆ ಸಿಪ್ಪೆಯ ತಂಬುಳಿ

ಲೋಕಲ್ ರೈಲುಗಾಡಿಯಲ್ಲಿ ಶೌಚಾಲಯ ಇರುವುದಿಲ್ಲ. ಕರುಳಿನಲ್ಲಿ ಹುಣ್ಣಾದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಬೇಲಾಪುರದ ಆಫೀಸು. ಹೊಟ್ಟೆ ಕಿವುಚಿ ರಕ್ತ ಹೋಗುತ್ತಿದ್ದ ದಿನಗಳಲ್ಲೂ ನಾನು ಕೆಲಸ ಬಿಡಲಿಲ್ಲ. ಬಿಡುವುದೂ ಇಲ್ಲ ಎಂದು ಹಟ ಹಿಡಿದಿದ್ದೆ. ಡಾಕ್ಟರು ಇದಕ್ಕೆ ಕೊಲೈಟಿಸ್ ಎಂದು ಹೆಸರು ಹೇಳಿ, ಆರಾಮಾದ ಮೇಲೂ ಗುಳಿಗೆ ನಿಲ್ಲಿಸಬಾರದು ಎಂದಿದ್ದರು.

ಉಡುಪಿ ಕಡೆಯವರಾದ ನನ್ನ ಅತ್ತೆಗೆ ಇಂಗ್ಲಿಷ್ ಮದ್ದೆಂದರೆ ಆಗದು. ದಾಳಿಂಬೆ ಸಿಪ್ಪೆ ಒಣಗಿಸಿ, ತುಪ್ಪದಲ್ಲಿ ಜೀರಿಗೆಯ ಜೊತೆ ಹುರಿದು, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದರು. ಇದು ಹೊಟ್ಟೆಗೆ ಬೀಳುವಾಗ ಗುಳಿಗೆ ಕೂಡದು ಎಂಬುದು ಅವರ ಪಥ್ಯ. ಜಗಳ ಯಾರಿಗೆ ಬೇಕು? ಮನೆಯಲ್ಲಿ ತಂಬುಳಿ ಉಂಡೆ, ಆಫೀಸಿನಲ್ಲಿ ಗುಳಿಗೆ ನುಂಗಿದೆ. ತಂಬುಳಿ ಹೊಟ್ಟೆಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ತಿಂಗಳುಗಳು ಕಳೆದು ನಾನು ಚೇತರಿಸಿಕೊಂಡಾಗ ಅತ್ತೆ ತಮ್ಮ ತಂಬುಳಿಯ ಮಹಿಮೆಯನ್ನು ಇಡೀ ಬಿಲ್ಡಿಂಗಿಗೆ ಡಂಗುರ ಸಾರಿದರು. ಅವರ ಬಾಯಿಗೆ ಬೀಗ ಹಾಕುವವರು ಯಾರು?

ಕೆಳಗಿನ ಮನೆಯಲ್ಲಿ ವಿಜಾಪುರದ ಕಡೆಯವರಿದ್ದರು. ಕಾಲೇಜಿಗೆ ಹೋಗುವ ಅವರ ಮಗಳಿಗೂ ಇದೇ ಕಾಯಿಲೆ. ಒಂದು ಸಂಜೆ ಆ ತಾಯಿ ಮೆಟ್ಟಿಲಲ್ಲಿ ನನ್ನನ್ನು ತಡೆದರು.

"ನಿಮ್ಮ ಅತ್ತಿಯವರು ಹೇಳಿದಂಗ ಗುಳಿಗಿ ಬಿಡಿಸೇನ್ರಿ. ಆದ್ರ ರಕ್ತ ಮತ್ತ ಚಾಲೂ ಆಗೇದ."

ಮೇಲೆ ಹೋಗಿ, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ನಾನು ಗುಳಿಗೆ ಬಿಟ್ಟೇ ಇಲ್ಲ, ಅದನ್ನು ಈಗಲೇ ಕೆಳಗಿನವರಿಗೆ ಹೇಳುತ್ತೇನೆ ಎಂದು ಅತ್ತೆಗೆ ಹೇಳಿದೆ. ನಿಮ್ಮ ಮರ್ಯಾದೆ ಹೋದರೆ ಹೋಗಲಿ ಎಂದೂ ಅಂದೆ. ಅವರು ಸೆರಗು ಸರಿಮಾಡಿಕೊಂಡು ನನ್ನ ಹಿಂದೆಯೇ ಇಳಿದು ಬಂದರು.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ತಾಯಿಯ ಎದುರು ಹೋಗಿ ನಿಂತರು.

"ಇವಳು ಒಂದು ದಿನವೂ ಗುಳಿಗೆ ಬಿಟ್ಟವಳಲ್ಲ ಮಾರಾಯ್ರೆ. ಇವಳ ಊಟದ ಡಬ್ಬಿಯ ಚೀಲದಲ್ಲಿ ಗುಳಿಗೆಯ ಖಾಲಿ ಪಟ್ಟಿ ನನಗೆ ಎಷ್ಟೋ ಸಲ ಸಿಕ್ಕಿದೆ. ಗೊತ್ತಿದ್ದೂ ನಾನು ಎಲ್ಲ ತಂಬುಳಿಯಿಂದ ಅಂತ ಹೇಳಿದ್ದು. ಏಳಿ, ಈಗಲೇ ಡಾಕ್ಟರ ಹತ್ರ ಹೋಗುವ. ಗುಳಿಗೆ ಬಿಡಿಸಿದ್ದು ನಾನು ಅಂತ ನಾನೇ ಹೇಳ್ತೇನೆ."