ಏಳು ಪಟ್ಟಿಯ ಹಳದಿ ಬಟ್ಟೆ

ಕೆಟ್ಟ ಹೊಲಿಗೆ ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಎದುರಿನವನ ಕಾಲರು ಸೊಟ್ಟಗಿದ್ದರೆ ತುತ್ತು ಇಳಿಯುವುದಿಲ್ಲ. ಈ ಚಟವನ್ನು ನಾನು ಬಹಳ ವರ್ಷ ಗುಣವೆಂದೇ ತಿಳಿದಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ ಅದೇ ಗುಣ ಒಬ್ಬ ತರುಣನ ದೀಕ್ಷೆ ಕೆಡಿಸುವ ಮಟ್ಟಕ್ಕೆ ಹೋಯಿತು. ಇವತ್ತಿಗೂ ಹಳದಿ ಬಟ್ಟೆಗೆ ಕತ್ತರಿ ಹಚ್ಚುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಟೇಲರ್ ಅಂಗಡಿ, ಅದರ ಬೆನ್ನಿಗೇ ಮನೆ. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಮುಂಡಗೋಡದ ಕ್ಯಾಂಪಿನಿಂದ ಟಿಬೆಟಿನವರು ಸ್ವೆಟರಿನ ಗಂಟು ಹೊತ್ತು ಬರುತ್ತಿದ್ದರು. ಎದುರಿನ ಬಯಲಲ್ಲಿ ಹಗ್ಗ ಕಟ್ಟಿ ಅಂಗಡಿ ಹೂಡುತ್ತಿದ್ದರು. ಅವರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಸಂಜೆಯಾದರೆ ತಮ್ಮ ಗಂಟನ್ನು ನನ್ನ ಅಂಗಡಿಯಲ್ಲಿಟ್ಟು ಹೋಗುತ್ತಿದ್ದರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಚೌಕಾಸಿಯ ಕನ್ನಡ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅದಕ್ಕೆ ಮೀರಿದ್ದನ್ನು ಹಿಂದಿಯಲ್ಲಿ ಹೇಳುತ್ತಿದ್ದರು, ನಾನು ಉರ್ದುವಿನಲ್ಲಿ ಉತ್ತರ ಕೊಡುತ್ತಿದ್ದೆ.

ಅವರ ಒಬ್ಬನೇ ಮಗ ಚಿಕ್ಕಂದಿನಿಂದ ಅಲ್ಲಿಯ ಮಠದಲ್ಲಿದ್ದ. ಒಮ್ಮೆ ತಾಯಿಯನ್ನು ನೋಡಲು ಬಂದಿದ್ದ. ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಬಟ್ಟೆ, ಬೋಳು ತಲೆ. ನನ್ನ ಬಾಕಿನ ಮೇಲೆ ಕೂತು ಮಿರ್ಚಿ ಮಂಡಕ್ಕಿ ತಿಂದು, ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಿದ್ದ. ಇಷ್ಟು ವರ್ಷ ಅವನು ಕಿರಿಯ ಸನ್ಯಾಸಿ. ಆ ಚಳಿಗಾಲ ಅವನಿಗೆ ಪೂರ್ಣ ಭಿಕ್ಷುವಿನ ದೀಕ್ಷೆ ಎಂದು ಗೊತ್ತಾಗಿತ್ತು. ದೀಕ್ಷೆ ಕೊಡುವ ಗುರುಗಳು ಎಂಬತ್ತು ದಾಟಿದವರು, ಹಾಸಿಗೆ ಹಿಡಿದು ಎದ್ದಿದ್ದರು. ಅವರ ಕೈಯಿಂದಲೇ ಆಗಬೇಕು, ಮುಂದಿನ ವರ್ಷಕ್ಕೆ ಯಾರು ಕಂಡಿದ್ದಾರೆ ಎಂಬುದು ತಾಯಿಯ ಚಿಂತೆ. ಆ ದಿನ ಹೊದೆಯಲು ಹಳದಿ ಮೇಲುಬಟ್ಟೆಯೊಂದು ಬೇಕು. ಅದನ್ನು ತಾವೇ ಕೊಡಬೇಕೆಂಬ ಆಸೆ ಅವರಿಗೆ. ಕ್ಯಾಂಪಿನ ಟೇಲರುಗಳಿಗೆ ಆ ಹೊತ್ತಿನಲ್ಲಿ ಕೈ ಬಿಡುವಿರಲಿಲ್ಲ. ಹೀಗಾಗಿ ಬಟ್ಟೆಯ ಥಾನನ್ನೂ, ಮಾದರಿಗೆಂದು ಒಂದು ಹಳೆಯ ಮೇಲುಬಟ್ಟೆಯನ್ನೂ ನನ್ನ ಮೇಜಿನ ಮೇಲಿಟ್ಟರು.

“ಥೇಟ್ ಹಿಂಗ ಮಾಡ್ರಿ, ಮಾಸ್ತರ,” ಎಂದು ಹೇಳಿ ರಾಣೆಬೆನ್ನೂರಿಗೆ ವ್ಯಾಪಾರಕ್ಕೆ ಹೋದರು. ಬರುವುದು ಮೂರು ವಾರ ಬಿಟ್ಟು.

ನಾನು ಆ ಹಳೆಯದನ್ನು ಬಿಡಿಸಿ ನೋಡಿದೆ. ತುಂಬ ಜೋಡು, ಎಲ್ಲೆಲ್ಲೂ ಕೂಡಿಸಿ ಹೊಲಿದ ಗೆರೆ. ತುಂಡಿಗೆ ತುಂಡು, ಪಟ್ಟಿಗೆ ಪಟ್ಟಿ, ಸುತ್ತ ಮತ್ತೊಂದು ಅಂಚು. ಊರು ಬಿಟ್ಟು ಬಂದ ಜನ, ಸಿಕ್ಕ ಚೂರುಗಳನ್ನೇ ಕೂಡಿಸಿ ಹೊಲಿದಿದ್ದಾರೆ, ಪಾಪ, ಎಂದುಕೊಂಡೆ. ನನ್ನ ತಲೆಯಲ್ಲಿ ಬೇರೆಯದೇ ಲೆಕ್ಕವಿತ್ತು. ಅಪ್ಪ ತೀರಿಕೊಂಡಾಗ ಹೊದಿಸಿದ ಕಫನಿನ ಬಟ್ಟೆಯನ್ನು ಕತ್ತರಿಸಿದವನು ನಾನೇ. ಜೀವಮಾನವೆಲ್ಲ ಹೊಲಿದ ಮನುಷ್ಯನಿಗೆ ಕೊನೆಗೆ ಒಂದು ಹೊಲಿಗೆಯನ್ನೂ ಹಾಕುವಂತಿರಲಿಲ್ಲ. ಹಜ್‌ಗೆ ಹೋದವರು ಉಡುವುದೂ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ. ದೇವರ ಎದುರು ನಿಲ್ಲುವ ಬಟ್ಟೆ ಅಖಂಡವಾಗಿರಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಕ್ಕ ತಂದ ಥಾನು ದೊಡ್ಡ ಪನ್ನದ್ದು, ಅಗಲಕ್ಕೆ ಕೊರತೆಯಿಲ್ಲ. ಆರು ಮೊಳ ಉದ್ದ, ನಾಲ್ಕು ಮೊಳ ಅಗಲ ಅಳೆದು ಒಂದೇ ತುಂಡನ್ನು ತೆಗೆದೆ. ಅಂಚನ್ನು ಕೈಯಿಂದ ಮಡಿಸಿ ಹೊಲಿದು ಇಸ್ತ್ರಿ ಹಾಕಿದೆ. ಒಂದು ಜೋಡೂ ಇಲ್ಲ. ಅಂಥ ಅಚ್ಚುಕಟ್ಟಾದ ಕೆಲಸ ಮಾಡಿ ಬಹಳ ದಿನವಾಗಿತ್ತು.

ಮೂರು ಮೊಳ ಉಳಿಯಿತು. ಅಕ್ಕಸಾಲಿ ಅಕ್ಕನ ಚಿನ್ನ ಬಿಡ ಎನ್ನುತ್ತಾರೆ, ಟೇಲರುಗಳ ಬಗ್ಗೆಯೂ ಊರಲ್ಲಿ ಅಂಥದ್ದೇ ಮಾತು. ನಾನು ಮಾತ್ರ ಉಳಿದ ಚೂರನ್ನು ಕಟ್ಟಿ ವಾಪಸು ಕೊಡುವವನು, ಅದನ್ನು ನಾಲ್ಕು ಜನರ ಎದುರು ಹೇಳಿಕೊಳ್ಳುವವನು. ಆದರೆ ಆ ಸಲ ನನ್ನ ಹೆಂಡತಿ ಆ ಹಳದಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಅವಳಿಗೆ ಆಗ ಆರು ತಿಂಗಳು. ಅದಕ್ಕೆ ಮುಂಚೆ ಎರಡು ಹೋಗಿದ್ದವು, ಒಂದು ಮೂರನೇ ತಿಂಗಳಿಗೆ, ಒಂದು ಹುಟ್ಟಿದ ದಿನವೇ. ಹುಟ್ಟುವ ಮುಂಚೆ ಕೂಸಿಗೆ ಏನನ್ನೂ ಹೊಲಿದಿಡಬಾರದು ಎಂದು ಬ್ಯಾಡಗಿಯಿಂದ ಅವಳ ತಾಯಿ ಹೇಳಿ ಕಳಿಸಿದ್ದರು. ಇವಳು ಹಟಕ್ಕೆ ಬಿದ್ದವಳಂತೆ ಪುಟ್ಟ ಕೌದಿಯೊಂದನ್ನು ಶುರುಮಾಡಿದ್ದಳು. ನಡುವಿಗೆ ಒಂದು ಒಳ್ಳೆಯ ಬಣ್ಣ ಬೇಕಿತ್ತು. ಅಕ್ಕ ಬಂದಾಗ ಹೇಳಿದರಾಯಿತು, ಬೇಡ ಎನ್ನುವವರಲ್ಲ ಎಂದು ನಾನೇ ಅವಳ ಕೈಗೆ ಕೊಟ್ಟೆ. ರಾಣೆಬೆನ್ನೂರು ಎಷ್ಟು ದೂರ? ಒಂದು ಪ್ಯಾಸೆಂಜರ್ ಹತ್ತಿ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ದೀಕ್ಷೆ ಬುಧವಾರ ನಸುಕಿಗೆ. ಅಕ್ಕ ಭಾನುವಾರ ಬೆಳಿಗ್ಗೆ ಬಂದರು. ಸೋಮವಾರ ಮಧ್ಯಾಹ್ನ ಹಾನಗಲ್ಲ ಮೇಲೆ ಹೋಗುವ ಬಸ್ಸನ್ನು ಹಿಡಿಯಬೇಕಿತ್ತು. ನಾನು ಬಟ್ಟೆಯನ್ನು ಮೇಜಿನ ತುಂಬ ಹಾಸಿ ತೋರಿಸಿದೆ. ಹೊಗಳಿಕೆಗೆ ಕಾಯುತ್ತ ನಿಂತೆ. ಅವರು ಅಂಚಿನಿಂದ ಅಂಚಿಗೆ ಕೈಯಾಡಿಸಿದರು, ಮತ್ತೆ ಹಿಂದಕ್ಕೆ ಆಡಿಸಿದರು. ಆಮೇಲೆ ಬಾಕಿನ ಮೇಲೆ ಕೂತುಬಿಟ್ಟರು.

“ಮಾಸ್ತರ, ಇದನ್ನ ಭಿಕ್ಷು ಹೊದಿಯಾಂಗಿಲ್ಲ,” ಎಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಇದಕ್ಕಿಂತ ಚೆಂದ ಹೊಲಿಯುವವನು ಧಾರವಾಡ ಜಿಲ್ಲೆಯಲ್ಲಿ ಇದ್ದರೆ ಕರೆತನ್ನಿ ಎಂದು ದನಿ ಏರಿಸಿದೆ. ಚೂರು ಕೂಡಿಸಿದ್ದನ್ನು ಹೊದ್ದು ಗುರುವಿನ ಮುಂದೆ ಹೋಗುವುದು ಮರ್ಯಾದೆಯೇ ಎಂದೆ. ಅವರು ಹಳೆಯ ಬಟ್ಟೆಯನ್ನು ಪಕ್ಕದಲ್ಲಿ ಹಾಸಿದರು. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ, ಕೂಸಿಗೆ ಹೇಳುವ ಹಾಗೆ ಹೇಳಿದರು. ಬುದ್ಧ ಮಗಧ ದೇಶದಲ್ಲಿ ನಡೆದು ಹೋಗುವಾಗ ಭತ್ತದ ಗದ್ದೆಗಳನ್ನು ಕಂಡನಂತೆ. ಬದು, ಮಡಿ, ಮತ್ತೆ ಬದು. ನನ್ನ ಭಿಕ್ಷುಗಳ ಬಟ್ಟೆ ಹೀಗಿರಲಿ ಎಂದು ಶಿಷ್ಯನಿಗೆ ತೋರಿಸಿದನಂತೆ. ಕತ್ತರಿಸಿದ ಬಟ್ಟೆಯನ್ನು ಕಳ್ಳ ಕದಿಯುವುದಿಲ್ಲ, ಉಟ್ಟವನಿಗೆ ಸೊಕ್ಕು ಬರುವುದಿಲ್ಲ. ಏಳು ಪಟ್ಟಿ, ಪಟ್ಟಿಗೆ ಎರಡು ಉದ್ದದ ತುಂಡು, ಒಂದು ಗಿಡ್ಡ ತುಂಡು. ಸಿಂಹಳಕ್ಕೆ, ಬರ್ಮಾಕ್ಕೆ, ಚೀನಾಕ್ಕೆ, ಜಪಾನಿಗೆ ಧರ್ಮ ಹೋದಲ್ಲೆಲ್ಲ ಬಣ್ಣ ಬದಲಾಯಿತು, ಹೊದೆಯುವ ರೀತಿ ಬದಲಾಯಿತು, ಈ ಜೋಡು ಬಿಡಲಿಲ್ಲ.

ಅಕ್ಕನ ಟಿಬೆಟ್ ಸೀಮೆಯಲ್ಲಿ ಬೆಳೆಯುವುದು ಜವೆಗೋದಿ. ಭತ್ತದ ಗದ್ದೆ ಹೇಗಿರುತ್ತದೆ ಎಂದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಆದರೂ ತಲೆತಲಾಂತರ ಅದನ್ನು ಹೆಗಲ ಮೇಲೆ ಹೊತ್ತರು. ನಾಡು ಬಿಟ್ಟು ಲಾರಿಯಲ್ಲಿ ಮುಂಡಗೋಡಕ್ಕೆ ಬಂದಿಳಿದ ದಿನ ಅಕ್ಕನಿಗೆ ಮದುವೆಯಾಗಿ ಸ್ವಲ್ಪವೇ ದಿನವಾಗಿತ್ತಂತೆ. ಜೊತೆಗಿದ್ದ ಮುದುಕ ಭಿಕ್ಷುವೊಬ್ಬರು ರಸ್ತೆ ಬದಿಯ ಗದ್ದೆಯನ್ನು ನೋಡಿದವರೇ ಲಾರಿ ನಿಲ್ಲಿಸಿ, ತಮ್ಮ ಮೇಲುಬಟ್ಟೆಯನ್ನು ಬದುವಿನ ಮೇಲೆ ಹಾಸಿ, ಎರಡನ್ನೂ ನೋಡುತ್ತ ಅತ್ತರಂತೆ. ಮೇಜಿನ ಮೇಲಿದ್ದ ಮಾದರಿ ಅದೇ ಬಟ್ಟೆ.

ನಾಚಿಕೆಯಿಂದ ನನ್ನ ಕಿವಿ ಕಾದವು. ಅದು ಬಡತನದ ತೇಪೆ ಎಂದುಕೊಂಡಿದ್ದೆನಲ್ಲ. ಆಯಿತು, ಈಗಲೇ ಕತ್ತರಿಸುತ್ತೇನೆ ಎಂದು ಕತ್ತರಿ ಎತ್ತಿದವನು ಅಲ್ಲೇ ನಿಂತೆ. ಒಂದೊಂದು ಜೋಡಿನಲ್ಲೂ ಒಂದಿಷ್ಟು ಬಟ್ಟೆ ಒಳಗೆ ಹೋಗುತ್ತದೆ. ಇಷ್ಟೊಂದು ಜೋಡು ಹಾಕಿದರೆ ಆರು ಮೊಳ ಆರು ಮೊಳವಾಗಿ ಉಳಿಯುವುದಿಲ್ಲ. ಅಕ್ಕ ಹೆಚ್ಚಿಗೆ ತಂದಿರಲಿಲ್ಲ, ಅಳೆದೇ ತಂದಿದ್ದರು. ಆ ಮೂರು ಮೊಳ ಎಲ್ಲಿ ಎಂದು ಅವರು ಕೇಳುವ ಮೊದಲೇ, ಈಗ ಬಂದೆ ಎಂದು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಹಾವೇರಿಯ ಬಟ್ಟೆ ಅಂಗಡಿಗಳನ್ನೆಲ್ಲ ತಿರುಗಿದೆ. ಭಾನುವಾರ, ಅರ್ಧ ಬಾಗಿಲು ಹಾಕಿದ್ದವು. ತೆರೆದಿದ್ದಲ್ಲಿ ನಿಂಬೆ ಹಳದಿ ಸಿಕ್ಕಿತು, ಸಾಸಿವೆ ಹೂವಿನ ಹಳದಿ ಸಿಕ್ಕಿತು, ಆ ಹಳದಿ ಸಿಗಲಿಲ್ಲ. ಚಳಿಯ ದಿನ ಅಂಗಿ ಬೆನ್ನಿಗೆ ಅಂಟಿತ್ತು. ಕಣ್ಣ ಮುಂದೆ ಒಂದೇ ಚಿತ್ರ: ಅಷ್ಟು ಜನ ಹಳದಿ ಹೊದ್ದು ಸಾಲಾಗಿ ಕೂತಿದ್ದಾರೆ, ಮಿರ್ಚಿ ತಿಂದು ಕಣ್ಣೊರೆಸಿಕೊಂಡ ಆ ಹುಡುಗ ಹೊರಗೆ ನಿಂತಿದ್ದಾನೆ. ಒಳಗೆ ಆ ಮುದಿ ಗುರು ಕಾಯುತ್ತಿದ್ದಾರೆ.

ಬರಿಗೈಯಲ್ಲಿ ಮನೆಗೆ ಬಂದರೆ ಹೆಂಡತಿ ಬಾಗಿಲ ಬೆಳಕಿಗೆ ಕೂತು ಬ್ಲೇಡಿನಿಂದ ಕೌದಿಯ ನೂಲು ಬಿಚ್ಚುತ್ತಿದ್ದಳು. ಅಂಗಡಿಯಲ್ಲಿ ಆಡಿದ್ದೆಲ್ಲ ಅವಳಿಗೆ ಗೋಡೆಯಾಚೆ ಕೇಳಿಸಿತ್ತು. ಅಕ್ಕ ಅವಳ ಎದುರು ಕೂತು ಅವಳ ಕೈ ಹಿಡಿದುಕೊಂಡು, ಬ್ಯಾಡ ತಂಗಿ, ಬ್ಯಾಡ ತಂಗಿ ಎನ್ನುತ್ತಿದ್ದರು. ಆ ಕೌದಿ ಯಾರಿಗೆಂದು ಅವಳ ಹೊಟ್ಟೆ ನೋಡಿದರೆ ತಿಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಪ್ರೀತಿಗೆ ಉರ್ದು, ಜಗಳಕ್ಕೆ ಕನ್ನಡ. ನಾನು ಕನ್ನಡದಲ್ಲಿ ಶುರುಮಾಡಿದೆ.

“ಬಿಚ್ಚಬ್ಯಾಡ. ಹುಟ್ಟೋ ಕೂಸಿಂದು ಬಿಚ್ಚಬಾರದು.”

“ಹೊಲೀಬಾರದು ಅಂತನೂ ಅಂದಿದ್ರು, ನಾ ಹೊಲೀಲಿಲ್ಲೇನು?” ತಲೆ ಎತ್ತದೆ ಹೇಳಿದಳು. “ಇದು ಅವರ ಅರಿವಿ ರೀ. ಕೇಳದ ತಗೊಂಡದ್ದು. ಇದನ್ನ ಕೂಸಿನ ಮ್ಯಾಲ ಹೊಚ್ಚಿ ನನಗ ನಿದ್ದಿ ಹತ್ತತೈತೇನು? ಹೋಗ್ರಿ, ಇಸ್ತ್ರಿಗೆ ಕೆಂಡ ಮಾಡ್ರಿ.”

ಒಂದೊಂದು ಎಳೆಗೂ ಬಾಯೊಳಗೇ ಬಿಸ್ಮಿಲ್ಲಾ ಎನ್ನುತ್ತ ಬಿಚ್ಚುತ್ತಿದ್ದಳು. ಅವಳಿಗೂ ಹೆದರಿಕೆಯಿತ್ತು. ಅದನ್ನು ನೋಡಿ ನನ್ನ ಹೆದರಿಕೆ ಎರಡರಷ್ಟಾಯಿತು.

ಬಿಚ್ಚಿದ ಹಳದಿಯನ್ನು ತೊಳೆದು ಒಣಗಿಸಿ ಇಸ್ತ್ರಿ ಮಾಡಿದೆ. ಕೌದಿ ಹೊಲಿಗೆ ದಟ್ಟ, ಸೂಜಿಯ ತೂತು ಸಾಲುಸಾಲಾಗಿ ಉಳಿದವು. ಎಷ್ಟು ಉಜ್ಜಿದರೂ ಮುಚ್ಚಲಿಲ್ಲ. ಇದು ನಡೆಯುತ್ತದೆಯೇ ಎಂದು ಕೇಳಿದರೆ ಅಕ್ಕ ಗೊತ್ತಿಲ್ಲ ಎಂದರು. ಮೊದಲ ಕಾಲದ ಭಿಕ್ಷುಗಳು ತಿಪ್ಪೆಯ ಚಿಂದಿ ಆರಿಸಿ ಹೊದೆಯುತ್ತಿದ್ದರಂತೆ, ಈಗಿನವರು ಏನೆನ್ನುತ್ತಾರೋ ಎಂದರು. ಆಮೇಲೆ ಅಕ್ಕ ಸೀಮೆಸುಣ್ಣದಿಂದ ಗುರುತು ಹಾಕಿದ ಕಡೆ ನಾನು ನನ್ನ ಅಖಂಡ ಬಟ್ಟೆಯನ್ನು ಕತ್ತರಿಸಿದೆ. ನಾನು ಮಿಷನ್ನಿನ ಮೇಲೆ ಕೂಡಿಸಿದೆ. ಮೂಲೆಗಳು ನನಗೆ ಕೂಡಲಿಲ್ಲ. ಒಂದು ಪಟ್ಟಿಯನ್ನು ಎರಡು ಸಲ ಬಿಚ್ಚಿದೆ. ಕೊನೆಗೆ ಹೆಂಡತಿ ನನ್ನ ಕೈಯಿಂದ ಕಸಿದುಕೊಂಡು ಮೂಲೆಗಳನ್ನೆಲ್ಲ ತಾನೇ ಹಾಕಿದಳು. ಅವಳ ಕೌದಿ ಕೆಲಸವನ್ನು ನಾನು ಮುದುಕಿಯರ ಹೊಲಿಗೆ ಎಂದು ಹಾಸ್ಯ ಮಾಡುತ್ತಿದ್ದೆ.

ಸೋಮವಾರ ಮಧ್ಯಾಹ್ನ ಬಸ್ಸು ಹಾರ್ನ್ ಹೊಡೆಯುವಾಗ ಕೊನೆಯ ಅಂಚು ಮುಗಿಯಿತು. ಅಕ್ಕ ಎರಡನ್ನೂ, ಹಳೆಯದನ್ನೂ ಹೊಸದನ್ನೂ, ಎದೆಗೆ ಒತ್ತಿಕೊಂಡು ಹತ್ತಿದರು. ಕಿಟಕಿಯಿಂದ ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನಿಂತಿದ್ದ ಹೆಂಡತಿಯ ಹೊಟ್ಟೆಯನ್ನು ನೋಡುತ್ತಿದ್ದರು.

ಆ ಚಳಿಗಾಲ ಅವರು ಮತ್ತೆ ಬರಲಿಲ್ಲ. ಕಾಗದ ಬರೆಯೋಣವೆಂದರೆ ಯಾವ ವಿಳಾಸಕ್ಕೆ? ತಪ್ಪು ಬಟ್ಟೆಯೆಂದು ಗುರುಗಳು ಹಿಂದೆ ಕಳಿಸಿರಬೇಕು, ಆ ಹುಡುಗನಿಗೆ ದೀಕ್ಷೆ ತಪ್ಪಿರಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ಅದರ ಶಾಪ ನಮಗೆ ತಟ್ಟುತ್ತದೆ ಎಂದೂ. ಹೆಂಡತಿ ಬಾಣಂತನಕ್ಕೆ ಬ್ಯಾಡಗಿಗೆ ಹೋದಳು. ಅಲ್ಲಿ ಓಣಿಗೆ ಓಣಿಯೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೊತ್ತು. ಘಾಟಿಗೆ ಅವಳು ಕೆಮ್ಮಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ವಾರಕ್ಕೆರಡು ಸಲ ರೈಲು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಅತ್ತೆಗೆ ಕೌದಿಯ ಸುದ್ದಿಯನ್ನು ನಾವಿಬ್ಬರೂ ಹೇಳಲಿಲ್ಲ.

ಹೆಣ್ಣುಮಗು ಹುಟ್ಟಿತು. ಅತ್ತಿತು, ಹಾಲು ಕುಡಿಯಿತು, ಬದುಕಿತು. ನಡುಭಾಗ ಹೋಗಿ ಗಿಡ್ಡವಾದ ಕೌದಿಯನ್ನೇ ಅದಕ್ಕೆ ಹೊದಿಸಿದೆವು.

ಮುಂದಿನ ಚಳಿಗಾಲ ಸ್ವೆಟರಿನವರು ಬಂದರು, ಅಕ್ಕ ಬರಲಿಲ್ಲ. ಉಳಿದವರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ತಿಂಗಳ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಗಂಟು ಹೊತ್ತು ನಿಂತಿದ್ದರು. ಅಂಗಡಿಯ ಕಡೆ ನೋಡುತ್ತಿದ್ದರು, ಬರುತ್ತಿರಲಿಲ್ಲ. ನಾನೂ ಕರೆಯಲಿಲ್ಲ. ಮಿಷನ್ನಿನ ಮೇಲೆ ಬಗ್ಗಿ ಸುಮ್ಮನೆ ತುಳಿದೆ, ಸೂಜಿಯಲ್ಲಿ ದಾರವೇ ಇರಲಿಲ್ಲ. ಕೊನೆಗೆ ಅವರೇ ಬಂದು ಗಂಟನ್ನೂ ಇಳಿಸದೆ ಕೇಳಿದರು.

“ಕೂಸು?”

ಅದೇ ಹೊತ್ತಿಗೆ ನಾನು ದೀಕ್ಷೆ ಏನಾಯಿತು ಎಂದು ಕೇಳುತ್ತಿದ್ದೆ.

ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಳು. ಅಕ್ಕ ಅದನ್ನು ನೋಡಿದ ಮೇಲೆಯೇ ಗಂಟನ್ನು ಇಳಿಸಿ ಕೂತದ್ದು. ಗುರುಗಳು ಬಟ್ಟೆಯ ಮೇಲೆ ಬೆರಳಾಡಿಸಿ ಆ ತೂತುಗಳನ್ನು ಕಂಡುಹಿಡಿದರಂತೆ, ಇವೇನು ಎಂದರಂತೆ. ಅಕ್ಕ ಇದ್ದದ್ದನ್ನು ಇದ್ದಂತೆ ಹೇಳಿದರಂತೆ. ಗುರುಗಳು ತಾವೇ ಅದನ್ನು ಎತ್ತಿ ಮಗನ ಹೆಗಲಿಗೆ ಹಾಕಿದರಂತೆ. ಬೇಸಿಗೆಯಲ್ಲಿ ಗುರುಗಳು ತೀರಿಕೊಂಡರು ಎಂದೂ ಹೇಳಿದರು.

ಹಾಗಾದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನಾನು ರೇಗಿದೆ. ಅವರು ಕುಪ್ಪಸದೊಳಗಿನಿಂದ ಒಂದು ಪುಟ್ಟ ಪೊಟ್ಟಣವನ್ನು ತೆಗೆದರು. ಕೆಂಪು ಉಣ್ಣೆಯ ಎರಡು ಕಾಲುಚೀಲ, ಹೆಬ್ಬೆರಳಿಗೆ ತೊಡಿಸುವಷ್ಟು ಸಣ್ಣವು.

“ಹೋದ ವರ್ಷನ ಹೆಣೆದಿಟ್ಟಿದ್ದೆ, ಮಾಸ್ತರ. ಕೂಸು ಉಳೀತೋ ಇಲ್ಲೋ, ತರಬೇಕೋ ಬ್ಯಾಡೋ ತಿಳೀಲಿಲ್ಲ.”

ಮಗು ಒಂಬತ್ತು ತಿಂಗಳಿನದಾಗಿತ್ತು. ಹೆಂಡತಿ ಅದರ ಪಾದಕ್ಕೆ ತೊಡಿಸಲು ನೋಡಿದಳು, ಬೆರಳುಗಳ ಆಚೆಗೆ ಏರಲಿಲ್ಲ. ಅಕ್ಕ ನಗುತ್ತ, ಮೂಗೊರೆಸಿಕೊಳ್ಳುತ್ತ ಕಾಲುಚೀಲಗಳನ್ನು ಇಸಿದುಕೊಂಡರು. ಅಲ್ಲೇ ಬಾಕಿನ ಮೇಲೆ ಕೂತು, ದೊಡ್ಡದಾಗಿ ಹೆಣೆಯಲೆಂದು ಉಣ್ಣೆಯನ್ನು ಬಿಚ್ಚತೊಡಗಿದರು. ಬಿಚ್ಚಬೇಡಿ ಎಂದು ಈ ಸಲ ನಾನು ಹೇಳಲಿಲ್ಲ.