ಶಾಂತಮ್ಮ ಕೂಗುತ್ತಾಳೆ

ಈ ಬೆಳಿಗ್ಗೆ ರಾಗಿ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದೆ. ಕಿಟಕಿಯ ಬಿಸಿಲಿನಲ್ಲಿ ಹಿಟ್ಟಿನ ಧೂಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿತ್ತು. ಉಳಿದ ಹೊಟ್ಟನ್ನು ಬಿಸಾಡಲು ಹೊರಟವನು ಹಾಗೇ ನಿಂತುಬಿಟ್ಟೆ. ಹೊನ್ನಮ್ಮ ನೆನಪಾದಳು.

ಕೆಲವು ವರ್ಷಗಳ ಹಿಂದಿನ ಮಾತು, ಕೇಳಿ. ಜಾವಗಲ್‌ನಲ್ಲಿ ಕಣ್ಣಿನ ಪೊರೆ ತೆಗೆಸುವ ಶಿಬಿರಕ್ಕೆ ಹೆಸರು ಬರೆದುಕೊಳ್ಳುವ ಕೆಲಸದಲ್ಲಿ ನಾನೂ ಇದ್ದೆ. ಹಳ್ಳಿಗಳಿಂದ ಬಂದ ಚೀಟಿಗಳನ್ನು ಗೆಳೆಯರು ಇದ್ದದ್ದು ಇದ್ದಂತೆ ಕಂಪ್ಯೂಟರಿಗೆ ಹಾಕುತ್ತಿದ್ದರು. ಅವನ್ನು ಪರಿಶೀಲಿಸುವ ಪುಟ್ಟ ಪ್ರೋಗ್ರಾಂ ನನ್ನದು. ಫೋನ್ ನಂಬರಿನ ಜಾಗದಲ್ಲಿ ಹತ್ತು ಅಂಕಿ ಇರಬೇಕು. ಹಿಂದೆ ಮುಂದೆ ಒಂದಕ್ಷರವೂ ಕೂಡದು. ಒಂದೇ ಸಾಲಿನ ಆ ನಿಯಮ ಬರೆದ ದಿನ ಹಳೇಬೀಡಿನ ಗೋಡೆಯನ್ನು ನಾನೇ ಕೆತ್ತಿದವನಂತೆ ಬೀಗಿದ್ದೆ. ನಿಯಮಕ್ಕೆ ಹೊಂದದ ಚೀಟಿಗಳು ಬೇರೊಂದು ಕಡತಕ್ಕೆ ಹೋಗುತ್ತಿದ್ದವು. ಅದನ್ನು ದಿನಾ ತೆರೆದು ನೋಡಬೇಕಿತ್ತು. ಕಸವೆಂದು ಬಿಟ್ಟಿದ್ದೆ.

ಆಸ್ಪತ್ರೆಗೆ ಬಸ್ಸು ಹೊರಡುವ ದಿನ ಹೊನ್ನಮ್ಮ ಬಂದಳು. ಕಂಕುಳಲ್ಲಿ ಬಟ್ಟೆಗಂಟು, ಎರಡು ಕಣ್ಣಿಗೂ ಬೂದಿ ಬಣ್ಣದ ಪೊರೆ. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

“ನಂಬರ್ ಕೊಟ್ಟಿದ್ನಲ್ಲಪ್ಪಾ,” ಅಂದಳು. “ನನ್ ತಾವ ಫೋನ್ ಎಲ್ಲೈತೆ? ಪಕ್ಕದ್ಮನೆ ಶಾಂತಮ್ಮಂದು. ಅವ್ಳು ಕೂಗ್ತಾಳೆ ಅಂತಾನೂ ಬರೆಸಿದ್ದೆ.”

ಕಡತ ತೆರೆದೆ. ಹತ್ತು ಅಂಕಿ ಸರಿಯಾಗಿಯೇ ಇದ್ದವು. ಅವುಗಳ ಮುಂದೆ, ‘ಪಕ್ಕದ ಮನೆ ಶಾಂತಮ್ಮ ಕೂಗುತ್ತಾಳೆ’.

ಪಕ್ಕದಲ್ಲಿದ್ದ ಗೆಳೆಯ ನಕ್ಕ: “ಏನ್ಲಾ, ನಿನ್ ಜರಡಿ ಅಜ್ಜೀನೂ ಹೊಟ್ಟು ಅಂತ ಎಸೀತಲ್ಲೋ!”

ಆಮೇಲೆ? ಅಲ್ಲೇ ಅವಳ ಹೆಸರು ಸೇರಿಸಿ, ಕೈ ಹಿಡಿದು ಬಸ್ಸು ಹತ್ತಿಸಿದೆ ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅವಳ ಅಂಗೈಯ ಒರಟು ಕೂಡ ನೆನಪಿದೆ. ಇವತ್ತು ಯಾಕೋ ಅನುಮಾನ ಬಂದು ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರ: ‘ಸೀಟು ತುಂಬಿತ್ತು. ಮುಂದಿನ ಸಲ ಕರೆಯುತ್ತೇನೆ ಅಂದೆ. ಆಗಲಪ್ಪ ಅಂದು ಹೋದಳು.’ ಕೆಳಗೆ ಆ ನಂಬರು. ಮುಂದಿನ ಸಲದ ಬಗ್ಗೆ ಮುಂದಿನ ಪುಟಗಳಲ್ಲಿ ಒಂದು ಮಾತೂ ಇಲ್ಲ. ಹಾಗಾದರೆ ನಾನು ಹಿಡಿದ ಆ ಕೈ ಯಾವಾಗಿನದು? ಕನಸಿನದೋ ಏನೋ.

ಹಿಟ್ಟಿನ ಕೈಯಲ್ಲೇ ನಂಬರು ಒತ್ತಿದೆ.

“ಯಾರ್ರೀ?”

“ಶಾಂತಮ್ಮನವರಾ? ಹೊನ್ನಮ್ಮ...” ಇದ್ದಾಳೆಯೇ ಎಂದು ಕೇಳಲು ಧೈರ್ಯ ಸಾಲದೆ ಅಲ್ಲಿಗೇ ನಿಲ್ಲಿಸಿದೆ.

“ಹೊನ್ನಕ್ಕನಾ? ಜಗಲಿ ಮೇಲೆ ಅಕ್ಕೀಲಿ ಕಲ್ಲು ಆರಿಸ್ತಾ ಕೂತವ್ಳೆ. ಪೊರೆ ತೆಗೆಸ್ಕೊಂಡ್ ಬಂದ್ಮೇಲೆ ನಮ್ಮನೆ ಅಕ್ಕೀನೂ ಅವ್ಳೇ ನೋಡ್ಕೊಡೋದು. ಯಾವನೋ ಕರೀತೀನಿ ಅಂದೋನು ಕರೀಲೇ ಇಲ್ಲ ಕಣ್ರೀ. ಎರಡು ವರ್ಷ ಕಾದ್ಲು. ಆಮೇಲೆ ನಾನೇ ಹಾಸನಕ್ಕೆ ಕರ್ಕೊಂಡೋದೆ. ಇರಿ, ಕೂಗ್ತೀನಿ.”

ಫೋನು ಎಲ್ಲೋ ಇಟ್ಟ ಸದ್ದು. ದೂರದಲ್ಲಿ, “ಹೊನ್ನಕ್ಕೋ, ನಿಂಗೆ ಫೋನು!” ಒಂದು ಕೋಳಿ, ರಸ್ತೆಯಲ್ಲಿ ಹಾದ ಬಸ್ಸು, ಮೊರ ಕೆಳಗಿಟ್ಟ ಸಪ್ಪಳ. ಹೆಜ್ಜೆಗಳು ನಿಧಾನವಾಗಿ ಹತ್ತಿರ ಬಂದವು.

“ಯಾರಪ್ಪಾ?”

“ಮುಂದಿನ ಸಲ ಕರೀತೀನಿ ಅಂದಿದ್ನಲ್ಲ ಅಜ್ಜಿ,” ಅಂದೆ. “ಅವನೇ.”